ಹೆತ್ತವರ ಹಟ, ಮಕ್ಕಳ ಬಾಳು



ಮಕ್ಕಳ ವಾರ್ಡಿನಲ್ಲಿ ತಾಯಂದಿರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: "ಸಿಸ್ಟರ್, ನಾನೇನು ತಪ್ಪು ಮಾಡಿದೆ? ನನ್ನ ಮಗುವಿಗೇ ಯಾಕೆ ಹೀಗಾಯಿತು?" ಇದೇ ನೋವನ್ನು ಉಂಡ ಅಮೆರಿಕದ ಒಂದು ಕುಟುಂಬದ ನಿಜ ಸಂಗತಿಯನ್ನು ಇವತ್ತು ನಿಮಗೆ ಹೇಳುತ್ತೇನೆ.

ನಾವು ತಿಂದ ರೊಟ್ಟಿ, ಅನ್ನ, ಎಣ್ಣೆ ದೇಹದೊಳಗೆ ಒಡೆದು ಶಕ್ತಿಯಾಗುವ ಕ್ರಿಯೆಗೆ ಚಯಾಪಚಯ ಎನ್ನುತ್ತಾರೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಇದರ ಒಂದು ಹಂತ ಸರಿಯಾಗಿ ನಡೆಯುವುದಿಲ್ಲ. ಕರಗಬೇಕಾದ ಪದಾರ್ಥ ಒಳಗೇ ಕೂಡಿಕೊಂಡು ಹಾನಿ ಮಾಡುತ್ತದೆ. ಇಂತಹ ಅಪರೂಪದ ಕಾಯಿಲೆಗಳಲ್ಲಿ ಅಡ್ರಿನೋಲ್ಯುಕೋಡಿಸ್ಟ್ರೋಫಿ ಒಂದು. ಚಿಕ್ಕದಾಗಿ ಎ.ಎಲ್.ಡಿ. ಎನ್ನೋಣ. ಇದರಲ್ಲಿ ಒಂದು ಬಗೆಯ ಕೊಬ್ಬಿನಾಮ್ಲ ಕರಗದೆ ರಕ್ತದಲ್ಲಿ ಹೆಚ್ಚಾಗುತ್ತದೆ. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರಗಳಿಗೂ ಮಯಲಿನ್ ಎಂಬ ಹೊದಿಕೆ ಇದೆ. ಮೆದುಳಿಗೆ ತಗಲುವ ಎ.ಎಲ್.ಡಿ.ಯಲ್ಲಿ ಆ ಹೊದಿಕೆಯೇ ಹಾಳಾಗುತ್ತದೆ.

ಲೊರೆಂಜೊ ಓಡೋನ್ 1978ರಲ್ಲಿ ಹುಟ್ಟಿದ ಚುರುಕು ಹುಡುಗ. ಸುಮಾರು ಐದನೆಯ ವಯಸ್ಸಿನಲ್ಲಿ ಅವನ ನಡವಳಿಕೆ ಬದಲಾಯಿತು. 1984ರಲ್ಲಿ ಎ.ಎಲ್.ಡಿ. ಎಂದು ಗೊತ್ತಾಯಿತು. ಹೆಚ್ಚು ದಿನ ಬದುಕುವುದಿಲ್ಲ ಎಂದು ವೈದ್ಯರು ಹೇಳಿದರು. ತಂದೆ ಅಗಸ್ಟೊ ವಿಶ್ವಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞ. ತಾಯಿ ಮಿಕೇಲಾ ಭಾಷೆ ಓದಿದವರು. ಇಬ್ಬರಿಗೂ ವೈದ್ಯಶಾಸ್ತ್ರ ಗೊತ್ತಿರಲಿಲ್ಲ. ಆದರೂ ಗ್ರಂಥಾಲಯದಲ್ಲಿ ಕುಳಿತು ಓದಿದರು, ತಜ್ಞರನ್ನು ಒಂದೆಡೆ ಸೇರಿಸಿ ಚರ್ಚೆ ಮಾಡಿಸಿದರು. ಬ್ರಿಟನ್ನಿನ ರಸಾಯನತಜ್ಞ ಡಾನ್ ಸಡಾಬಿ ಅವರ ನೆರವಿನಿಂದ ಒಂದು ವಿಶೇಷ ಎಣ್ಣೆ ಸಿದ್ಧವಾಯಿತು. ಅದು ರಕ್ತದಲ್ಲಿನ ಆ ಕೊಬ್ಬನ್ನು ಇಳಿಸಿತು. ಅದಕ್ಕೆ 'ಲೊರೆಂಜೊನ ಎಣ್ಣೆ' ಎಂದೇ ಹೆಸರಾಯಿತು. 1992ರಲ್ಲಿ ಇದರ ಮೇಲೆ ಸಿನಿಮಾ ಕೂಡ ಬಂತು.

ಆದರೆ ಬಂಧುಗಳೇ, ಸಿನಿಮಾದಷ್ಟು ಸುಲಭವಾಗಿ ನಿಜ ಜೀವನ ಮುಗಿಯಲಿಲ್ಲ. ಅಷ್ಟರಲ್ಲಿ ಲೊರೆಂಜೊ ಮಾತು, ನಡಿಗೆ, ದೃಷ್ಟಿ ಕಳೆದುಕೊಂಡಿದ್ದ. ಹೋದದ್ದನ್ನು ಎಣ್ಣೆ ಮರಳಿ ತರಲಿಲ್ಲ. ರೋಗಲಕ್ಷಣ ಇನ್ನೂ ಕಾಣದ 89 ಹುಡುಗರ ಬಗೆಗಿನ ವರದಿಯನ್ನು 2005ರಲ್ಲಿ ವೈದ್ಯ ಹ್ಯೂಗೊ ಮೋಸರ್ ಮತ್ತು ಸಂಗಡಿಗರು ಪ್ರಕಟಿಸಿದರು. ಆ ಕೊಬ್ಬು ಚೆನ್ನಾಗಿ ಇಳಿದ ಮಕ್ಕಳಲ್ಲಿ ಅಪಾಯ ಕಡಿಮೆ ಕಂಡಿತು. ಆದರೆ ಎಣ್ಣೆ ಕೊಡದ ಮಕ್ಕಳೊಂದಿಗೆ ಹೋಲಿಸಿರಲಿಲ್ಲವಾದ್ದರಿಂದ ಅದರ ಗುಣದ ಬಗ್ಗೆ ಚರ್ಚೆ ಮುಗಿದಿಲ್ಲ. ಅದು ಅಡುಗೆಮನೆಯ ಎಣ್ಣೆಯಲ್ಲ ಎಂಬುದನ್ನೂ ನೆನಪಿಡಿ. ಯಾರೋ ಹೇಳಿದರೆಂದು ಮಗುವಿಗೆ ಯಾವ ಎಣ್ಣೆಯನ್ನೂ ಔಷಧಿಯೆಂದು ಕುಡಿಸಬೇಡಿ.

ತಮ್ಮ ಮಗನಿಗೆ ತಡವಾಯಿತೆಂದು ಆ ದಂಪತಿಗಳು ಕೈಚೆಲ್ಲಲಿಲ್ಲ. 1989ರಲ್ಲಿ 'ಮಯಲಿನ್ ಪ್ರಾಜೆಕ್ಟ್' ಎಂಬ ಸಂಸ್ಥೆ ಕಟ್ಟಿ, ನರದ ಹೊದಿಕೆಯನ್ನು ಮತ್ತೆ ಬೆಳೆಸುವ ಸಂಶೋಧನೆಗೆ ಹಣ ಕೂಡಿಸಿದರು. ತಾಯಿ 2000ದಲ್ಲಿ ತೀರಿಕೊಂಡರು. ಮನೆಯವರ ಆರೈಕೆಯಲ್ಲೇ ಲೊರೆಂಜೊ 30 ವರ್ಷ ಬದುಕಿ 2008ರಲ್ಲಿ ತೀರಿಕೊಂಡ. ತಂದೆ 2013ರಲ್ಲಿ ಹೋದರು.

ಇನ್ನೊಂದು ಕುಟುಂಬದ ಮಾತು ಕೇಳಿ. ಏಡನ್ ಸೀಗರ್ ಎಂಬ 7 ವರ್ಷದ ಹುಡುಗ 2012ರಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡ. ಅವನ ತಂದೆತಾಯಿ ಹೋರಾಡಿದ್ದರಿಂದ 2013ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಪ್ರತಿ ಕೂಸಿನ ರಕ್ತದಲ್ಲಿ ಎ.ಎಲ್.ಡಿ. ಪರೀಕ್ಷೆ ಆರಂಭವಾಯಿತು. ಇದರ ಲಾಭವೇನು? ಮೆದುಳಿಗೆ ಹಾನಿ ಶುರುವಾಗುತ್ತಿರುವಾಗಲೇ ತಿಳಿದರೆ ಅಸ್ಥಿಮಜ್ಜೆ ಕಸಿಯಿಂದ ರೋಗವನ್ನು ತಡೆಯಬಹುದು. ತಡವಾದರೆ ಆ ಬಾಗಿಲು ಮುಚ್ಚುತ್ತದೆ.

ನಮ್ಮ ದೇಶದ 2021ರ ಅಪರೂಪ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲೂ ಆರಂಭದ ಹಂತದ ಎ.ಎಲ್.ಡಿ. ಸೇರಿದೆ. 2022ರಿಂದ ಈ ನೀತಿಯಡಿ ನೆರವಿನ ಮಿತಿ 50 ಲಕ್ಷ ರೂಪಾಯಿ. ಅದಕ್ಕಾಗಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೂ ಸೇರಿವೆ.

ಈಗ ನೀವು ಮಾಡಬೇಕಾದದ್ದು:

• ಚೆನ್ನಾಗಿ ಓದುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ, ಕರೆದರೂ ಕೇಳದಂತಿದ್ದರೆ, ಕಣ್ಣು ಮಂಜಾದರೆ, ನಡೆಯುವಾಗ ಎಡವಿದರೆ ತುಂಟತನವೆಂದು ಹೊಡೆಯಬೇಡಿ. ವೈದ್ಯರಿಗೆ ತೋರಿಸಿ.

• ಮೈಬಣ್ಣ ಕಾರಣವಿಲ್ಲದೆ ಕಪ್ಪಾಗುತ್ತಾ, ಸುಸ್ತು, ವಾಂತಿ ಇದ್ದರೆ ಅದನ್ನೂ ಹೇಳಿ. ಈ ಕಾಯಿಲೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೂ ತಗಲುತ್ತದೆ.

• ಕಂಡದ್ದನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾವು ಮಗುವನ್ನು ನೋಡುವುದು ಹತ್ತು ನಿಮಿಷ, ನೀವು ನೋಡುವುದು ಇಡೀ ದಿನ.

• ಮನೆತನದಲ್ಲಿ ಯಾರಿಗಾದರೂ, ಅದರಲ್ಲೂ ತಾಯಿಯ ಅಣ್ಣತಮ್ಮಂದಿರಿಗೆ ಇಂತಹ ತೊಂದರೆ ಇದ್ದಿದ್ದರೆ ಮುಚ್ಚಿಡಬೇಡಿ. ಒಬ್ಬ ಮಗನಲ್ಲಿ ರೋಗ ಕಂಡರೆ ಅವನ ಅಣ್ಣತಮ್ಮಂದಿರಿಗೂ ರಕ್ತ ಪರೀಕ್ಷೆ ಮಾಡಿಸಿ. ಒಬ್ಬನಿಗೆ ತಡವಾಗಿದ್ದರೂ ಇನ್ನೊಬ್ಬನನ್ನು ಉಳಿಸಿಕೊಳ್ಳಬಹುದು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಈ ಕಾಯಿಲೆಯ ದೋಷ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಮಗನಿಗೆ ಬರುತ್ತದೆ, ನಿಜ. ಆದರೆ ಅದು ಅವಳು ಬೇಡಿ ಪಡೆದದ್ದಲ್ಲ, ಅವಳಿಗೆ ತಿಳಿದೂ ಇರಲಿಲ್ಲ. ಬಸುರಿಯಲ್ಲಿ ತಿಂದ ಊಟದಿಂದಲೋ ಗ್ರಹಣದಿಂದಲೋ ಇದು ಬರುವುದಿಲ್ಲ. ಸೊಸೆಯನ್ನು ದೂರಿ ಕಳೆಯುವ ದಿನಗಳು ಮಗುವಿನ ಚಿಕಿತ್ಸೆಗೆ ಸಿಗಬೇಕಾದ ದಿನಗಳು.

ಮೊದಲು ಹೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ತಾಯೀ, ನೀವು ಯಾವ ತಪ್ಪನ್ನೂ ಮಾಡಿಲ್ಲ. ಆದರೆ ಮಾಡಬೇಕಾದ ಕೆಲಸವಿದೆ. ಬನ್ನಿ, ಕೂಡಿ ಮಾಡೋಣ.