ಬೆನ್ನಿನ ಮೇಲ್ಭಾಗದ ನೋವು ಮತ್ತು ಸಣ್ಣ ರಂಧ್ರದ ಆಪರೇಷನ್
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು, ಕನ್ನಡ ಪಾಠ ಹೇಳುವವನು. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನನ್ನ ತರಗತಿಯ ಒಬ್ಬ ಹುಡುಗಿಯ ತಾಯಿ ಬೀಡಿ ಕಟ್ಟುವವರು. ಎರಡು ಹೆಗಲುಗಳ ನಡುವೆ ನೋವೆಂದು ಏಳು ತಿಂಗಳು ಮುಲಾಮು ಹಚ್ಚಿಯೇ ಕಳೆದರು. ಬೆನ್ನು ತೋರಿಸಬೇಕಲ್ಲ ಎಂಬ ಸಂಕೋಚ ಒಂದು, ಆಪರೇಷನ್ ಅಂದುಬಿಟ್ಟರೆ ಎಂಬ ಭಯ ಇನ್ನೊಂದು. ಕೊನೆಗೆ ಸಂಬಂಧಿಕರೊಬ್ಬರು ಒಂದು ಜಾಹೀರಾತು ತಂದುಕೊಟ್ಟರು: ಸಣ್ಣ ರಂಧ್ರದ ಆಪರೇಷನ್, ಮರುದಿನವೇ ಮನೆಗೆ! ಮನೆಯವರು ಒಡವೆ ಅಡವಿಡಲು ಹೊರಟೇಬಿಟ್ಟರು.

ಈ ಆಪರೇಷನ್ ಸುಳ್ಳಲ್ಲ. ಹಿಂದೆ ಬೆನ್ನನ್ನು ಉದ್ದಕ್ಕೆ ಕೊಯ್ದು, ಸ್ನಾಯುಗಳನ್ನು ಮೂಳೆಯಿಂದ ಬಿಡಿಸಬೇಕಾಗಿತ್ತು. 1990ರ ದಶಕದಲ್ಲಿ ಬಂದ ಪದ್ಧತಿಯಲ್ಲಿ ಎರಡು ಸೆಂಟಿಮೀಟರಿನಷ್ಟು ಕೊಯ್ದು, ಸ್ನಾಯುವಿನ ಎಳೆಗಳನ್ನು ಕೊಳವೆಯಿಂದ ಪಕ್ಕಕ್ಕೆ ಸರಿಸಿ, ಆ ಕೊಳವೆಯೊಳಗಿಂದಲೇ ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪಿನ ಸಹಾಯದಿಂದ ಕೆಲಸ ಮಾಡುತ್ತಾರೆ. ರಕ್ತ ಹೋಗುವುದು ಕಡಿಮೆ, ಏಳುವುದು ಬೇಗ. ಮುಪ್ಪಿನಲ್ಲಿ ಮೂಳೆ ಸವೆದು ಮಣಿ ಕುಸಿದ ಕೆಲವರಿಗೆ ಸೂಜಿಯಿಂದಲೇ ಸಿಮೆಂಟು ತುಂಬುವುದೂ ಉಂಟು. ಅದು 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು.

ಆದರೆ ಇದು ಯಾರಿಗೆ ಬೇಕು? ಇಲ್ಲಿ ಭಾಷೆಯ ಮೇಷ್ಟರಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಬೆನ್ನಿನಲ್ಲಿ ಎಲ್ಲಿ ನೋವಾದರೂ 'ಕಮರ್ ದರ್ದ್' ಎನ್ನುತ್ತೇವೆ. ಕಮರ್ ಎಂದರೆ ಸೊಂಟ. ಬೆನ್ನಿಗೆ ಪೀಠ್ ಎಂಬ ಪದವೇ ಬೇರೆ ಇದೆ. ವೈದ್ಯರ ಮುಂದೆ ಈ ಭೇದ ಮುಖ್ಯ. ಸೊಂಟದಲ್ಲಿ ಡಿಸ್ಕ್ ಜಾರುವುದು ಸಾಮಾನ್ಯ. ಎದೆಯ ಹಿಂದಿನ 12 ಮಣಿಗಳಿಗೆ ಪಕ್ಕೆಲುಬುಗಳ ಆಧಾರವಿದೆ. ತೊಂದರೆ ಕೊಡುವ ಡಿಸ್ಕ್‌ಗಳಲ್ಲಿ ಇಲ್ಲಿಯವು ನೂರಕ್ಕೆ ಒಂದಕ್ಕಿಂತ ಕಡಿಮೆ. ಬೆನ್ನುಹುರಿಯ ದಾರಿಯೂ ಇಲ್ಲಿ ಇಕ್ಕಟ್ಟು. ರಂಧ್ರ ಸಣ್ಣದೆಂದು ಅಪಾಯವೂ ಸಣ್ಣದು ಎಂದುಕೊಳ್ಳಬೇಡಿ.

ಮೇಲ್ಬೆನ್ನಿನ ನೋವು ಹೆಚ್ಚಾಗಿ ಸ್ನಾಯುಗಳದು. ತಲೆ ತಗ್ಗಿಸಿ ಬೀಡಿ ಕಟ್ಟುವುದು, ಹೊಲಿಗೆ, ಮೊಬೈಲು, ಶಾಲೆಯ ಚೀಲ. ಚೀಲದ ತೂಕ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ನನ್ನ ತರಗತಿಯ ಚೀಲಗಳನ್ನು ತೂಗಿ ನೋಡಿದೆ. ಫಲಿತಾಂಶ ಹೇಳಲು ನಾಚಿಕೆಯಾಗುತ್ತದೆ. ಇಂಥ ನೋವಿಗೆ ಕೂರುವ ರೀತಿ ಬದಲಿಸಬೇಕು, ವ್ಯಾಯಾಮ ಮಾಡಬೇಕು. ಕತ್ತಿಗೆ ಇಲ್ಲಿ ಕೆಲಸವಿಲ್ಲ.

ಆದರೆ ರಾತ್ರಿ ಮಲಗಿದರೂ ಬಿಡದ ನೋವು, ಸಂಜೆ ಜ್ವರ, ತೂಕ ಇಳಿಯುವುದು, ಕಾಲು ಎಡವುವುದು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. (ಬೆನ್ನುನೋವಿನ ಜೊತೆ ಹಠಾತ್ತನೆ ಎದೆನೋವು, ಬೆವರು ಬಂದರೆ ಅದು ಹೃದಯದ್ದಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.) ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಹೋಗಿಲ್ಲ, ಅದು ಎದೆಯ ಹಿಂದಿನ ಮಣಿಗಳಿಗೇ ಹೆಚ್ಚಾಗಿ ತಗಲುತ್ತದೆ. ಅದರಿಂದ ಕಾಲು ಸೋಲುವುದನ್ನು ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲೇ ಬರೆದಿದ್ದರು. ಆಗ ಔಷಧಿ ಇರಲಿಲ್ಲ. ಈಗ ಬಹುಮಂದಿಗೆ ಮಾತ್ರೆಯಿಂದಲೇ ಗುಣವಾಗುತ್ತದೆ. ಬೆನ್ನುಹುರಿಗೆ ಒತ್ತಡ ಹೆಚ್ಚಿದರೆ ಅಥವಾ ಬೆನ್ನು ಬಾಗತೊಡಗಿದರೆ ಆಪರೇಷನ್ ಬೇಕಾಗುತ್ತದೆ.

ಒಡವೆ ಅಡವಿಡುವ ಮೊದಲು ಒಮ್ಮೆ ಸರ್ಕಾರಿ ಆಸ್ಪತ್ರೆಗೆ ಹೋಗಿಬನ್ನಿ ಎಂದು ಆ ತಾಯಿಯನ್ನು ಒಪ್ಪಿಸಿದೆವು. ಚಿಕಿತ್ಸೆಗೆ ಅಗತ್ಯವಾದಾಗ ವೈದ್ಯರಿಗೆ ತೋರಿಸಲು ದೀನಿನಲ್ಲಿ ಅವಕಾಶವಿದೆ ಎಂದು ಮಸೀದಿಯ ಇಮಾಮ್ ಸಾಹೇಬರೇ ಹೇಳಿದ ಮೇಲೆ ಒಪ್ಪಿದರು. ಅಲ್ಲಿ ಮಹಿಳಾ ವೈದ್ಯರೇ ಸಿಕ್ಕರು. ಎಂಆರ್‌ಐ ಆಯಿತು, ನಂತರ ಸಿಟಿ ಸ್ಕ್ಯಾನ್ ನೋಡುತ್ತ ಸೂಜಿಯಿಂದ ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಷಯ! ಅಷ್ಟರಲ್ಲಿ ಅವರ ಬಲಗಾಲು ಎಡವತೊಡಗಿತ್ತು. ಅವರ ಬೆನ್ನಿಗೆ ಬೇಕಾಗಿದ್ದ ಸಣ್ಣ ರಂಧ್ರವೆಂದರೆ ಆ ಸೂಜಿಯದು ಒಂದೇ.

ಔಷಧಿ ಸರ್ಕಾರದಿಂದ ಉಚಿತವಾಗಿ ಸಿಕ್ಕಿತು. ಒಂದು ವರ್ಷ ತಪ್ಪದೆ ನುಂಗಿದರು. ದಿನವೂ ನೆನಪಿಸಿದವಳು ಮಗಳು. ಈಗ ಬೀಡಿಯ ಮೊರವನ್ನು ನೆಲದ ಮೇಲಿಡದೆ ಸ್ಟೂಲಿನ ಮೇಲಿಟ್ಟು ಕಟ್ಟುತ್ತಾರೆ. ಹೋದ ತಿಂಗಳು ಪೋಷಕರ ಸಭೆಗೆ ಮೂರನೇ ಮಹಡಿಗೆ ನಡೆದೇ ಬಂದಿದ್ದರು.