ಮೇಷ್ಟ್ರು ಮಾಡಿದ ಪಾಠ ಊರಿಗೂ ಉಳಿಯಲಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸೊಸೈಟಿ ಹಬ್ಬದಲ್ಲಿ ಕಂಪ್ಯೂಟರ್ ಪಾಠದ ಮಾತೇಕೆ ಅಂತ ಹಿರಿಯರು ಕೇಳಬಹುದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಒಬ್ಬೊಬ್ಬರ ಕೈಲಿದ್ದ ಅಷ್ಟಿಷ್ಟು ಹಣ ಒಂದೆಡೆ ಸೇರಿ, ಬೇಕಾದವರಿಗೆ ಒದಗುವಂತಾಯಿತು. ಪಾಠದ ವಿಷಯದಲ್ಲೂ ಅಂಥದೇ ಕೆಲಸ ನಮ್ಮ ರಾಜ್ಯದಲ್ಲಿ ನಡೆದಿದೆ.

2011ರ ಸುಮಾರಿಗೆ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಶುರುವಾಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ನಡೆಸಿದ ಕಾರ್ಯಕ್ರಮ ಅದು. ಅದರ ಬೆನ್ನಿಗೇ 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಕಣಜ ಬಂತು. ಅದನ್ನು ತುಂಬಿದವರಲ್ಲಿ ನಮ್ಮ ಸರ್ಕಾರಿ ಶಾಲೆಗಳ ಮೇಷ್ಟ್ರುಗಳೇ ಇದ್ದರು, ಅದೂ ಕನ್ನಡದಲ್ಲಿ. ಜಿಯೋಜೆಬ್ರಾ ಎಂಬ ತಂತ್ರಾಂಶದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆಯಿರಿ; ಆಕಾರ ಬದಲಾಗುತ್ತೆ, ಮೂರು ಕೋನಗಳ ಮೊತ್ತ ಮಾತ್ರ 180 ಡಿಗ್ರಿಯೇ. ಕರಿಹಲಗೆ ಮೇಲೆ ಇದನ್ನು ಎಷ್ಟು ಸಲ ಅಂತ ಅಳಿಸಿ ಬರೆಯೋದು?

‘ಮಾಡಿದ್ದನ್ನು ಯಾರೋ ಕದ್ದರೆ?’ ಅನ್ನೋರಿದ್ದಾರೆ. ಅದಕ್ಕೇ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿ ಇದೆ. ಬಳಸಿ, ಹಂಚಿ, ಆದರೆ ಮಾಡಿದವರ ಹೆಸರು ಹೇಳಿ ಅನ್ನೋದು ಅದರ ಕರಾರು. ಬೇಕಾದರೆ ‘ಮಾರುವಂತಿಲ್ಲ’ ಎಂಬ ಷರತ್ತನ್ನೂ ಸೇರಿಸಬಹುದು.

ನಮ್ಮೂರಿನ ಪಾಠವನ್ನು ನಾವೇ ಮಾಡಬೇಕು, ಬೇರೆಯವರು ಮಾಡಿಕೊಡೋದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯಲ್ಲಿ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಉಂಡೆ ಕೊಬ್ಬರಿ ಅಂದರೆ ಅದೇ. ತಿಂಗಳಿಗೊಮ್ಮೆ ಅದೇ ಕಾಯಿಗಳನ್ನು ತೂಗಿ, ಬರೆದಿಟ್ಟು, ಫೋಟೋ ತೆಗೆದರೆ ವಿಜ್ಞಾನವೂ ಆಯಿತು, ಗಣಿತದ ನಕ್ಷೆಯೂ ಆಯಿತು. ತೂಕದ ನಷ್ಟ ಎಷ್ಟು ಅನ್ನೋದು ತಿಪಟೂರು ಮಾರುಕಟ್ಟೆಗೆ ಹೋಗುವ ನಮಗೂ ಬೇಕಾದ ಲೆಕ್ಕವೇ ಅಲ್ಲವೇ?

ಇವತ್ತು ಇಂಥ ವಿಡಿಯೋಗಳು ಮೇಷ್ಟ್ರ ಫೋನಿನಲ್ಲೇ ಉಳಿಯುತ್ತವೆ. ಅವರಿಗೆ ವರ್ಗವಾದರೆ ಪಾಠವೂ ಅವರ ಜೊತೆ ಬಸ್ಸು ಹತ್ತುತ್ತೆ. ಮುಂದಿನವರು ಮತ್ತೆ ಸೊನ್ನೆಯಿಂದ ಶುರು. 2020ರಲ್ಲಿ ಶಾಲೆ ಮುಚ್ಚಿದಾಗ ನೆಟ್‌ವರ್ಕ್ ಸಿಗದ ಮಕ್ಕಳ ಪಾಡು ನಿಮಗೇ ಗೊತ್ತು.

ಸಂಘದಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಎರಡು ಹಾರ್ಡ್ ಡಿಸ್ಕ್ ಕೊಡಿಸಿ; ಒಂದು ಶಾಲೆಯ ಬೀರುವಿನಲ್ಲಿರಲಿ, ಇನ್ನೊಂದು ಸಂಘದ ಕಚೇರಿಯಲ್ಲಿ. ಪೇಟೆಗೆ ಓದಲು ಹೋಗುವ ಮಕ್ಕಳೂ ಬಂದು ನಕಲು ಮಾಡಿಕೊಳ್ಳಲಿ. ಇನ್ನು ಸದಸ್ಯರು, ಮೇಷ್ಟ್ರು ಮಕ್ಕಳನ್ನು ಕರಕೊಂಡು ಬಂದಾಗ ತೋಟ ತೋರಿಸಿ, ಅಟ್ಟಕ್ಕೆ ಏಣಿ ಹಾಕಿಕೊಡಿ. ತೂಗುವ ಕಾಯಿಗಳಿಗೆ ಗುರುತು ಹಾಕಿಡಿ, ಮರೆತು ಸುಲಿದುಬಿಟ್ಟೀರಿ!