ಸೊಂಟದ ರಿವಾಲ್ವರಿನ ಒಳಗೆ ನೋಡಿ

ಕೊಟ್ಟೂರು, ಕೂಡ್ಲಿಗಿ ಕಡೆಯವರಿಗೆ ಒಂದು ಮಾತು ಗೊತ್ತೇ ಇರುತ್ತೆ: ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಸ್ಥಾನದ ಕೆತ್ತನೆ ಕಾಣಬೇಕಾದರೆ ಒಳಗೆ ಕಾಲಿಡಬೇಕು, ಹೊರಗೆ ನಿಂತು ತೀರ್ಮಾನ ಮಾಡಬೇಡ ಅಂತ. ಅದೇ ಉಜ್ಜಿನಿಯ ವೀಕ್ಷಕರೊಬ್ಬರು ಫೋನ್ ಮಾಡಿ ಕೇಳಿದ ಪ್ರಶ್ನೆ ಇವತ್ತಿನ ವಿಷಯ.

“ಅಣ್ಣಾರೆ, ಶೇಂಗಾ, ಮೆಕ್ಕೆಜೋಳದ ವ್ಯಾಪಾರ ಮಾಡ್ತೀನ್ರಿ. ಕೊಟ್ಟೂರಿಂದ ರಾತ್ರಿ ಬೈಕ್ ಮ್ಯಾಲೆ ರೊಕ್ಕ ತಗಂಡು ಬರ್ತೀನಿ. ಲೈಸೆನ್ಸಿಗೆ ಅರ್ಜಿ ಹಾಕ್ಬೇಕಂತ ಅದೀನಿ. ಕೌಬಾಯ್ ಸಿನಿಮಾದಾಗ ಹೆಬ್ಬೆಟ್ಟಿಲೆ ಹಿಂದಕ್ಕೆ ಎಳೀತಾರಲ್ರಿ, ಅಂಥ ಹಳೇ ಮಾದರಿ ರಿವಾಲ್ವರ್ ಅಂಗಿ ಒಳಗ ಇಟ್ಕಂಡು ಅಡ್ಡಾಡಿದ್ರ ಹೆಂಗ?”

ನಗಬೇಡಿ. ಅಮೆರಿಕದಲ್ಲಿ ಇವತ್ತಿಗೂ ಅದನ್ನೇ ದಿನನಿತ್ಯ ಸೊಂಟದಲ್ಲಿಟ್ಟುಕೊಳ್ಳುವವರಿದ್ದಾರೆ. ಸರಳ ಯಂತ್ರ, ಕೈಗೆ ಚೆನ್ನಾಗಿ ಕೂರುತ್ತೆ, ಟ್ರಿಗರ್ ಹಗುರ ಅನ್ನೋದು ಅವರ ವಾದ. ವಾದ ಸುಳ್ಳಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಯಂತ್ರ ಕಂಡರೆ ಬಿಚ್ಚಿ ನೋಡೋ ಚಟ. ಹಾಗಾಗಿ ಒಳಗೆ ಹೋಗೋಣ.

ಕ್ಲಿಂಟ್ ಈಸ್ಟ್‌ವುಡ್ ಸಿನಿಮಾಗಳಲ್ಲಿ ಕಾಣುವ ಈ ರಿವಾಲ್ವರುಗಳ ಮೂಲ 1873ರ ಕೋಲ್ಟ್. ಇದು ಸಿಂಗಲ್ ಆಕ್ಷನ್. ಅಂದರೆ ಟ್ರಿಗರ್ ಮಾಡೋದು ಒಂದೇ ಕೆಲಸ: ಎಳೆದು ನಿಲ್ಲಿಸಿದ ಹ್ಯಾಮರನ್ನು ಬಿಡೋದು. ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಂದಕ್ಕೆಳೆಯಬೇಕು. ಆಗಲೇ ಸಿಲಿಂಡರ್ ಒಂದು ಮನೆ ತಿರುಗೋದು. ಖಾಲಿ ತೋಟಾಗಳನ್ನು ಪಕ್ಕದ ಸಣ್ಣ ಬಾಗಿಲಿನಿಂದ ಒಂದೊಂದಾಗಿ ತಳ್ಳಿ, ಹೊಸದನ್ನು ಒಂದೊಂದಾಗಿ ತುಂಬಬೇಕು. ಕತ್ತಲಲ್ಲಿ, ಬೈಕ್ ಪಕ್ಕ ನಿಂತು ಅದು ಆಗದ ಮಾತು.

ಇನ್ನೊಂದು. ಹಳೇ ವಿನ್ಯಾಸದಲ್ಲಿ ಹ್ಯಾಮರಿನ ಮೂತಿ ನೇರವಾಗಿ ತೋಟಾದ ಬೆನ್ನಿಗೇ ತಾಗಿರುತ್ತೆ. ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಗುಂಡು ಹಾರಬಹುದು. ಅದಕ್ಕೇ ತಿಳಿದವರು ಆರು ಮನೆಯಲ್ಲಿ ಐದೇ ತುಂಬಿ, ಹ್ಯಾಮರನ್ನು ಖಾಲಿ ಮನೆಯ ಮೇಲೆ ಕೂರಿಸ್ತಿದ್ದರು. 1973ರಲ್ಲಿ ರೂಗರ್ ಕಂಪನಿ ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ದಾಟಿಸುವ ಒಂದು ಪಟ್ಟಿ ಸೇರಿಸಿ ಈ ಗಂಡಾಂತರ ಕಡಿಮೆ ಮಾಡಿತು. ಶಿಖರಕ್ಕೆ ಎಣ್ಣೆ ಎರೆಯುವ ದಿನ ಉಜ್ಜಿನಿ ಜನಜಂಗುಳಿ ನೆನಪು ಮಾಡಿಕೊಳ್ಳಿ. ಆ ನೂಕುನುಗ್ಗಲಲ್ಲಿ ಸೊಂಟದಿಂದ ಹಳೇ ಕೋಲ್ಟ್ ಜಾರಿದರೆ?

ಆದರೆ ನನ್ನನ್ನು ಕಾಡಿದ್ದು ಇವೆರಡೂ ಅಲ್ಲ. ದಾರಿಯಲ್ಲಿ ಇಬ್ಬರು ಅಡ್ಡ ನಿಂತರು ಅಂತಿಟ್ಟುಕೊಳ್ಳಿ. ನೀವು ತೆಗೆದಿರಿ, ಹ್ಯಾಮರ್ ಎಳೆದಿರಿ. ಅವರು ಓಡಿಹೋದರು. ಒಳ್ಳೇದೇ ಆಯ್ತು. ಈಗ ನಿಮ್ಮ ಕೈಯಲ್ಲಿರೋದು ಸ್ವಲ್ಪ ಮುಟ್ಟಿದರೂ ಹಾರುವ ಯಂತ್ರ. ಅದನ್ನು ಇಳಿಸೋದು ಹೇಗೆ? ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದು, ಟ್ರಿಗರನ್ನೂ ಎಳೆದು, ಮೆಲ್ಲಗೆ ಕೆಳಗಿಳಿಸಬೇಕು. ನಡುಗುವ ಕೈಯಲ್ಲಿ! ಗುಂಡು ಹಾರಿಸಬೇಕಾದ ಪ್ರಸಂಗಕ್ಕಿಂತ ಹಾರಿಸದೇ ಮುಗಿಯುವ ಪ್ರಸಂಗವೇ ಹೆಚ್ಚು, ಮತ್ತು ಈ ಹಳೇ ಮಾದರಿ ಕೈಕೊಡೋದು ಅಲ್ಲೇ. ಡಬಲ್ ಆಕ್ಷನ್ನಿನಲ್ಲಿ ಹ್ಯಾಮರ್ ಎಳೆಯದೇ ಉದ್ದಕ್ಕೆ, ಭಾರವಾಗಿ ಟ್ರಿಗರ್ ಎಳೆಯಬೇಕು. ಹಾರಿಸದಿದ್ದರೆ ಬೆರಳು ತೆಗೆದರೆ ಸಾಕು. ಆ ಭಾರವೇ ಅದರ ಕಾವಲು.

ಸಿಗೋದಾದರೂ ಎಲ್ಲಿ? 1980ರ ದಶಕದ ಮಧ್ಯದಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕಿನ ಆಮದು ನಿಂತಿದೆ. ಹಿಂದೆ ಬಂದವೇ ಕೈಯಿಂದ ಕೈಗೆ ದುಬಾರಿ ಬೆಲೆಗೆ ಓಡಾಡ್ತವೆ. ನಮ್ಮಲ್ಲಿ ಸಿಗೋದು ಕಾನ್ಪುರದ .32 ಬೋರಿನ ರಿವಾಲ್ವರುಗಳು. 2014ರಲ್ಲಿ ಮಹಿಳೆಯರಿಗೆಂದು ಬಂದ ಅರ್ಧ ಕೆಜಿ ತೂಕದ ‘ನಿರ್ಭೀಕ್’ ಬೆಲೆ ಆಗಲೇ 1.22 ಲಕ್ಷ ರೂಪಾಯಿ. ಬೆಲೆ ಕೇಳಿದರೇ ಅರ್ಧ ಭಯ ಹೋಗುತ್ತೆ ಬಿಡಿ.

ಇನ್ನು ಅಂಗಿ ಒಳಗೆ ಬಚ್ಚಿಡೋ ವಿಚಾರ. ಸೊಂಟದಲ್ಲಿ ಕಾಣೋ ಹಾಗೆ ಇಟ್ಟುಕೊಂಡರೆ ಗತ್ತು ಅಂತ ಕೆಲವರ ಲೆಕ್ಕ. 2016ರ ಶಸ್ತ್ರಾಸ್ತ್ರ ನಿಯಮ ಹೇಳೋದೇ ಬೇರೆ: ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಝಳಪಿಸುವಂತಿಲ್ಲ. ಅಂದರೆ ಮುಚ್ಚಿಡೋದು ನಿಮ್ಮ ಜಾಣತನವಲ್ಲ, ಕಾನೂನೇ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಲೈಸೆನ್ಸ್ ಕೊಡೋದರಲ್ಲೂ ಕಾನೂನು ಭೇದ ಮಾಡುತ್ತೆ. ಗುಡೇಕೋಟೆ ಕಡೆಯ ರೈತರು ಬೆಳೆ ಕಾಯೋಕೆ ಮೂತಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ಅಡ್ಡಿಯಾಗುವಂಥ ಕಾರಣ ಇಲ್ಲದಿದ್ದರೆ ಕೊಡಬೇಕು ಅನ್ನುತ್ತೆ 1959ರ ಶಸ್ತ್ರಾಸ್ತ್ರ ಕಾಯ್ದೆ. ರಿವಾಲ್ವರಿಗೆ ಹಾಗಲ್ಲ. ‘ಸಕಾರಣ’ ಇದೆ ಅಂತ ಹೊಸಪೇಟೆಯ ಜಿಲ್ಲಾಧಿಕಾರಿಗೆ ಮನವರಿಕೆಯಾಗಬೇಕು. ಹೊಲದ ಕೋವಿ ಊರಿಗೇ ಕಾಣುತ್ತೆ, ಸೊಂಟದ್ದು ಯಾರಿಗೂ ಕಾಣಲ್ಲ. ಆ ಭೇದ ಸರಿ ಅಂತಲೇ ನನ್ನ ಅಭಿಪ್ರಾಯ.

ಲೈಸೆನ್ಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಯಾರೋ ದುಡ್ಡಿನ ಚೀಲ ಕಿತ್ತುಕೊಂಡು ಓಡ್ತಿದ್ದಾನೆ. ಬೆನ್ನಿಗೆ ಹೊಡೀಬಹುದಾ? ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಜೀವಕ್ಕೆ ಅಥವಾ ಮೈಗೆ ಭಾರೀ ಪೆಟ್ಟಿನ ಭಯವಿಲ್ಲದ ಬರೀ ಕಳ್ಳತನಕ್ಕೆ ಪ್ರಾಣ ತೆಗೆದರೆ, ಕಟಕಟೆಯಲ್ಲಿ ನಿಲ್ಲೋದು ನೀವು. ದರೋಡೆಗೂ ಕಳ್ಳತನಕ್ಕೂ ಇರೋ ಗೆರೆಯನ್ನು ಅರ್ಧ ಸೆಕೆಂಡಿನಲ್ಲಿ ನೀವೇ ಗುರುತಿಸಬೇಕು. ಕೋರ್ಟು ಅದನ್ನೇ ವರ್ಷಗಟ್ಟಲೆ ಕೂತು ಅಳೆಯುತ್ತೆ.

ಉಜ್ಜಿನಿಯ ಅಣ್ಣಾರೆ, ಅರ್ಜಿ ಹಾಕೋದಿದ್ದರೆ ಹಾಕಿ. ತರಬೇತಿ ತಗೊಳ್ಳಿ, ಡಬಲ್ ಆಕ್ಷನ್ನೇ ನೋಡಿ, ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಕಬ್ಬಿಣದ ಪೆಟ್ಟಿಗೆ ಮೊದಲು ತನ್ನಿ. ಇಷ್ಟು ನೆನಪಿರಲಿ: ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇದ್ದವರ ಬಂದೂಕನ್ನೂ ಸಾಮಾನ್ಯವಾಗಿ ಠಾಣೆಗೆ ತರಿಸಿಕೊಳ್ತಾರೆ, ಚೆಕ್‌ಪೋಸ್ಟಿನಲ್ಲಿ 50,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ದಾಖಲೆಯನ್ನೂ ಕೇಳ್ತಾರೆ. ಆ ವಾರಗಳಲ್ಲಿ ವ್ಯಾಪಾರದ ದುಡ್ಡನ್ನು ಖಾತೆಗೆ ಹಾಕಿಸಿಕೊಂಡು, ಹೊತ್ತು ಮುಳುಗೋ ಮೊದಲೇ, ಹಿಂದೊಬ್ಬರನ್ನು ಕೂರಿಸಿಕೊಂಡು ಬರ್ತೀರಲ್ಲ, ಅದನ್ನು ನಾಳೆಯಿಂದಲೇ ಶುರು ಮಾಡಿ. ಅದಕ್ಕೆ ಡಿಸಿ ಸಾಹೇಬ್ರ ಸಹಿ ಬೇಕಾಗಿಲ್ಲ.